ನಂಗಲಿ ದಾಟಿದ ಮೇಲೆ ರಾಜಕೀಯ ಬೇಡ

ನಂಗಲಿ ದಾಟಿ ಆಚೆಗೆ ಹೋದ ಮೇಲೆ ಯಾರೂ ರಾಜಕೀಯ ಎತ್ತಕೂಡದು. ಇದು ನಿಯಮ. ಮಾಡಿದವನು ನಾನು. ತಲೆಯಾಡಿಸಿ ಒಪ್ಪಿಕೊಂಡವರು ನಮ್ಮ ಮನೆಯವರು. ಮುರಿದವರು ಎಲ್ಲರೂ.

ಈಗಿನವರಿಗೆ ನಂಗಲಿ ಅಂದರೆ ಬಸ್ಸು ನಿಲ್ಲುವ ಒಂದು ಊರು. ಆಗ ನಮಗೆ ಅದು ದೇಶದ ಕೊನೆ. ಮುಳಬಾಗಿಲಿನಿಂದ ಪೂರ್ವಕ್ಕೆ ಹೊರಟರೆ ಅಲ್ಲಿಯವರೆಗೆ ಮಹಾರಾಜರ ಮೈಸೂರು ಸೀಮೆ, ಆಚೆಗೆ ಇಂಗ್ಲಿಷರ ಮದರಾಸು ಸೀಮೆ. ನಡುವೆ ರಸ್ತೆಗೆ ಅಡ್ಡಲಾಗಿ ಒಂದು ಗೇಟು. ಗೇಟು ಅಂದರೆ ಹೆಚ್ಚೇನಿಲ್ಲ, ಏತದ ಹಾಗೆ ಒಂದು ಉದ್ದನೆಯ ಮರ, ಅದರ ಹಿಂದಿನ ತುದಿಗೆ ಕಟ್ಟಿದ ಒಂದು ದಪ್ಪ ಕಲ್ಲು. ಕಲ್ಲಿನ ಕಡೆ ಅದುಮಿದರೆ ಮುಂದಿನ ತುದಿ ಮೇಲೇಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಅದರ ಎರಡೂ ಕಡೆ ಅದೇ ಕೆಂಪು ಮಣ್ಣು, ಅದೇ ರಾಗಿ, ಅದೇ ತೆಲುಗು ಬೆರೆತ ಮಾತು. ಆದರೂ ಆಚೆಯವರು ನಮ್ಮನ್ನು ಯಾವುದೋ ದ್ವೀಪದಿಂದ ಬಂದವರ ಹಾಗೆ ನೋಡುತ್ತಿದ್ದರು. ಲಂಡನ್ನಿಗೆ ಹೋಗಿಬಂದ ನನ್ನ ಸಹಪಾಠಿಗಳು ಅಲ್ಲಿಯ ಜನ ನಮ್ಮ ದೇಶದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಹೇಳಿ ನಗಿಸುತ್ತಿದ್ದರು. ನಾನು ಹಡಗು ಹತ್ತಲಿಲ್ಲ. ನನಗೆ ಅವೇ ಪ್ರಶ್ನೆಗಳು ಪಲಮನೇರಿನಲ್ಲೇ ಸಿಕ್ಕವು.

ನಾನು ಕೋಲಾರದಲ್ಲಿ ಹೈಸ್ಕೂಲು ಮೇಷ್ಟ್ರು, ಸರ್ಕಾರಿ ನೌಕರ. ಓದಿದ್ದು ಪಾದ್ರಿಗಳ ಶಾಲೆಯಲ್ಲಿ, ಇಂಗ್ಲಿಷಿನಲ್ಲಿ. ಗಂಟೆ ಹೊಡೆದ ಮೇಲೆ ಬಂದ ಹುಡುಗ ಬಾಗಿಲ ಹೊರಗೇ ನಿಲ್ಲಬೇಕು ಅನ್ನುವ ಶಾಲೆ ಅದು, ನಾನೂ ಹಾಗೆಯೇ ಆದೆ. ತಂದೆ ತೀರಿಕೊಂಡಿದ್ದರು, ಮನೆ ಮುಳಬಾಗಿಲಿನಲ್ಲಿ, ತಂಗಿಯ ಮದುವೆ ನನ್ನ ಹೆಗಲ ಮೇಲೆ. ಪಲಮನೇರಿನಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಹುಡುಗನ ತಂದೆ ವಕೀಲರು, ಖಾದಿಯವರು, ಚಳವಳಿಯಲ್ಲಿ ಎರಡು ಸಲ ಜೈಲಿಗೆ ಹೋಗಿಬಂದವರು. ಅದುವರೆಗೆ ನೋಡಿಹೋದ ಹುಡುಗರ ಬಗ್ಗೆ ಕೇಳಿದಾಗಲೆಲ್ಲ "ನಿಮ್ಮಿಷ್ಟ" ಅಂದು ಒಳಗೆ ಹೋಗುತ್ತಿದ್ದ ತಂಗಿ, ಈ ಹುಡುಗ ಬಂದು ಹೋದ ಮೇಲೆ, "ಅಣ್ಣಯ್ಯ, ಪಲಮನೇರಿಗೆ ಬಸ್ಸು ಎಷ್ಟು ಹೊತ್ತು ಹಿಡಿಯುತ್ತೆ?" ಅಂತ ಕೇಳಿದಳು. ನನಗೆ ಅಷ್ಟು ಸಾಕಾಯಿತು. ಈ ಮದುವೆ ತಪ್ಪಬಾರದು.

ತಪ್ಪಿಸಬಲ್ಲವರು ನಮ್ಮ ಮನೆಯಲ್ಲೇ ಇಬ್ಬರಿದ್ದರು. ಒಬ್ಬರು ಮಾಲೂರು ತಾಲ್ಲೂಕು ಲಕ್ಕೂರಿನ ಚಿಕ್ಕಪ್ಪ, ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿದ್ದು ನಿವೃತ್ತರಾದವರು, ದಸರಾದಲ್ಲಿ ಒಮ್ಮೆ ಮಹಾರಾಜರನ್ನು ದೂರದಿಂದ ನೋಡಿ ಜೀವನವಿಡೀ ಅದೇ ಬಿಸಿಯಲ್ಲಿ ಇದ್ದವರು. ಇನ್ನೊಬ್ಬರು ನಮ್ಮಕ್ಕನ ಗಂಡ, ಶ್ರೀನಿವಾಸಪುರದ ಕಡೆ ಯಲ್ದೂರಿನಲ್ಲಿ ಮಾವಿನ ತೋಟ ಮಾಡಿಕೊಂಡಿದ್ದ ಭಾವ, ಅಪ್ಪಟ ಕಾಂಗ್ರೆಸ್. ಇವರಿಬ್ಬರನ್ನು ಒಂದೇ ಬಸ್ಸಿನಲ್ಲಿ ಕೂರಿಸುವುದೂ ಅಪಾಯ. ಹೆಣ್ಣಿನ ಹಿರಿಯರಾಗಿ ಇಬ್ಬರೂ ಬರಲೇಬೇಕು. ಆದ್ದರಿಂದ ನಿಯಮ.

ಕೊಟ್ಟಿಗೆಯ ದೀಪ

ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಿಬರುವುದು ನಮ್ಮಲ್ಲಿ ಪದ್ಧತಿ. ಚಿಕ್ಕಪ್ಪ ಮತ್ತು ನಾನು ಹೋದೆವು. ಗೇಟಿನ ಹತ್ತಿರ ಬಸ್ಸು ನಿಂತಾಗ ನಿಯಮವನ್ನು ಮತ್ತೊಮ್ಮೆ ಹೇಳಿದೆ. "ನಾನೇನು ಮಗೂನಾ?" ಅಂದರು ಚಿಕ್ಕಪ್ಪ.

ವಕೀಲರು ಕೋರ್ಟಿನಿಂದ ಇನ್ನೂ ಬಂದಿರಲಿಲ್ಲ. ಜಗಲಿಯ ಮೇಲೆ ಹುಡುಗನ ಅಜ್ಜಿ, ವಕೀಲರ ತಾಯಿ, ಕಬ್ಬಿಣದ ಪುಟ್ಟ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು. ಹಲ್ಲಿರಲಿಲ್ಲ. ಬಾಯಿ ಮಾತ್ರ ಪೂರ್ತಿ ಇತ್ತು. ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು, "ಏಮಬ್ಬಾಯಿ, ಹೆಣ್ಣು ಈ ಕಡೆ ಕೊಡೋಕೆ ನಿಮ್ಮ ರಾಜರನ್ನ ಕೇಳಿದೀರಾ?"

"ಕೇಳಬೇಕಾಗಿಲ್ಲ ಅಜ್ಜಿ."

"ಕೇಳದೆ ಕೊಟ್ರೆ ಬಿಡ್ತಾರಾ?"

"ಬಿಡ್ತಾರೆ."

"ಗಂಧದ ಮರ ಬಿಡಲ್ವಂತೆ? ನಿಮ್ಮ ಹಿತ್ತಲಲ್ಲೇ ಹುಟ್ಟಿದ್ರೂ ರಾಜರದ್ದೇ ಅಂತೆ? ಮರಾನೇ ಬಿಡದೋರು ಹುಡುಗೀನ ಬಿಡ್ತಾರಾ?"

ಗಂಧದ ಮರದ ಕಾನೂನು ನಿಜ. ಪಕ್ಕದಲ್ಲಿ ಚಿಕ್ಕಪ್ಪನ ಉಸಿರು ಜೋರಾಯಿತು. ಅವರ ಕಾಲ ಮೇಲೆ ನನ್ನ ಕಾಲಿಟ್ಟೆ.

"ಕಾಲು ತುಳೀಬೇಡ ಕಣೋ," ಅಂದರು ಎಲ್ಲರಿಗೂ ಕೇಳುವ ಹಾಗೆ. "ಏನಮ್ಮಾ, ನಮ್ಮ ಮಹಾರಾಜರನ್ನ ಏನಂದ್ಕೊಂಡಿದೀರಿ? ನಿಮ್ಮೂರಲ್ಲಿ ಸಂಜೆ ಆದ್ರೆ ಕತ್ತಲೆ. ನಮ್ಮಲ್ಲಿ ಬನ್ನಿ ನೋಡಿ, ಮನೆಮನೆಗೂ ಎಲೆಕ್ಟ್ರಿಕ್ ದೀಪ!"

"ಮನೆಮನೆಗೂ?"

"ಮನೆ ಏನು, ಕೊಟ್ಟಿಗೇಲೂ!"

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು. "ಕೊಟ್ಟಿಗೇಲೂ," ಅಂತ ಒಮ್ಮೆ ತಮಗೆ ತಾವೇ ಹೇಳಿಕೊಂಡು ಮತ್ತೆ ಕುಟ್ಟತೊಡಗಿದರು.

ಮುಂದಿನ ವಾರ ತಾಂಬೂಲ ಬದಲಾಯಿಸಲು ಅವರು ಮುಳಬಾಗಿಲಿಗೆ ಬಂದರು. ತಟ್ಟೆಗಳು ಕೈ ಬದಲಾದವು, ಹೋಳಿಗೆ ಊಟ ಆಯಿತು. ನಾನು ನಿರಾಳವಾಗಿ ಉಸಿರುಬಿಡುವಷ್ಟರಲ್ಲಿ ಅಜ್ಜಿ ಎದ್ದು ನಿಂತರು. "ಕೊಟ್ಟಿಗೆ ಎಲ್ಲಿದೆ?"

ಬೇಡ ಅನ್ನುವ ಹಾಗಿರಲಿಲ್ಲ. ಅಜ್ಜಿ ಮುಂದೆ, ಹಿಂದೆ ವಕೀಲರು, ಅವರ ಹಿಂದೆ ಸೆರಗು ಬಾಯಿಗಿಟ್ಟುಕೊಂಡ ನಮ್ಮಮ್ಮ. ಕೊಟ್ಟಿಗೆಯ ಮಾಡಿನಲ್ಲಿ ಜೇಡರ ಬಲೆ ಇತ್ತು, ಲಾಟೀನು ತೂಗುಹಾಕುವ ಕೊಕ್ಕೆ ಇತ್ತು. ಅಷ್ಟೆ. ಅಜ್ಜಿ ಮೇಲೆ ನೋಡಿದರು. ವಕೀಲರು ಅಜ್ಜಿಯ ಕಣ್ಣು ಹೋದ ಕಡೆ ನೋಡಿದರು. ವಕೀಲರಿಗೆ ಸುಳ್ಳಿನ ವಾಸನೆ ಬೇಗ ಬಡಿಯುತ್ತದೆ. ದೀಪದ ವಿಷಯದಲ್ಲಿ ಸುಳ್ಳು ಹೇಳಿದವರು ಹುಡುಗಿಯ ವಿಷಯದಲ್ಲಿ ಏನೇನು ಹೇಳಿದ್ದಾರೋ ಅನ್ನುವ ಪ್ರಶ್ನೆ ಅವರ ಹುಬ್ಬಿನ ಮೇಲೆ ಎದ್ದು ಕಾಣುತ್ತಿತ್ತು. ಅಡುಗೆಮನೆಯ ಕಿಟಕಿಯ ಹಿಂದೆ ತಂಗಿಯ ಬಳೆ ಸದ್ದು ನಿಂತುಹೋಯಿತು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ಇತ್ತಮ್ಮಾ. ಹಸುಗೆ ನಿದ್ದೆ ಬರ್ತಿರಲಿಲ್ಲ. ತೆಗೆಸಿಬಿಟ್ವಿ."

ಅಜ್ಜಿ ಹಸುವಿನ ಮುಖ ನೋಡಿದರು, ಆಮೇಲೆ ಚಿಕ್ಕಪ್ಪನ ಮುಖ.

"ಈಗ ನಿದ್ದೆ ಬರ್ತಿದೆಯಾ?"

"ಬರ್ತಿದೆ."

"ಸರಿ ಬಿಡು," ಅಂದರು ಅಜ್ಜಿ. "ನಿಮ್ಮ ರಾಜ್ಯದಲ್ಲಿ ಹಸು ಮಾತಾದ್ರೂ ಕೇಳ್ತಾರಲ್ಲ."

ಯಾರ ಜೈಲು ಜೈಲು

ಲಗ್ನ ಕಟ್ಟಿಸಲು ಮತ್ತೆ ನಾವೇ ಹೋಗಬೇಕಿತ್ತು. ಈ ಸಲ ಭಾವನೂ ಬಂದರು, ಎರಡು ಬುಟ್ಟಿ ರಸಪುರಿ ಹಣ್ಣಿನ ಜೊತೆಗೆ. ನಂಗಲಿಯಲ್ಲಿ ಇಬ್ಬರನ್ನೂ ಬಸ್ಸಿನಿಂದ ಇಳಿಸಿ, ಹುಣಿಸೆ ಮರದ ಕೆಳಗೆ ನಿಲ್ಲಿಸಿ, ಕ್ಲಾಸಿನಲ್ಲಿ ಹೇಳಿಸುವ ಹಾಗೆ ನಿಯಮವನ್ನು ಒಬ್ಬೊಬ್ಬರ ಬಾಯಲ್ಲೂ ಹೇಳಿಸಿದೆ. ಚಿಕ್ಕಪ್ಪ ಗೊಣಗುತ್ತ ಹೇಳಿದರು. ಭಾವ ನಗುತ್ತ ಹೇಳಿದರು. ಕಂಡಕ್ಟರು ಇವರಿಗೆ ಏನಾಗಿದೆ ಅನ್ನುವ ಹಾಗೆ ನೋಡುತ್ತಿದ್ದ.

ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ಪುರೋಹಿತರು ಚಾಪೆಯ ಮೇಲೆ ಪಂಚಾಂಗ ಬಿಚ್ಚಿದರು. ಹಣ್ಣಿನ ಬುಟ್ಟಿ ಒಳಗೆ ಹೋಯಿತು. ವಕೀಲರು ಭಾವನ ಖಾದಿ ಜುಬ್ಬ ನೋಡಿ ಖುಷಿಯಾಗಿ ಹತ್ತಿರ ಸರಿದರು.

"ನೀವೂ ಹೋಗಿದ್ದಿರಂತೆ?"

ಎಲ್ಲಿಗೆ ಅಂತ ಅವರ ಪೈಕಿ ಯಾರೂ ಕೇಳುವುದಿಲ್ಲ. ಹೋಗುವುದು ಅಂದರೆ ಜೈಲಿಗೆ.

"ಹೂಂ, ಬೆಂಗಳೂರಿನಲ್ಲಿ," ಅಂದರು ಭಾವ ವಿನಯದಿಂದ.

"ಮೈಸೂರು ಸರ್ಕಾರದ ಜೈಲು!" ವಕೀಲರು ನಕ್ಕರು. "ಅದೇನು ಜೈಲಂಡಿ? ಬೆಳಿಗ್ಗೆ ಉಪ್ಪಿಟ್ಟು, ಸಾಯಂಕಾಲ ಪಿಟೀಲು ಅಂತ ಕೇಳಿದೀನಿ. ನಾವು ಅದಕ್ಕೆ ಛತ್ರ ಅಂತೀವಿ."

ಭಾವನ ವಿನಯ ಹಾರಿಹೋಯಿತು. "ಯಾರ್ರೀ ಹೇಳಿದ್ದು? ನಮ್ಮ ಜೈಲಿನ ಮುದ್ದೇಲಿ ಕಲ್ಲಿತ್ತು. ಸಾರಲ್ಲಿ ಹುಳ ಇತ್ತು!"

"ಸುಳ್ಳು!" ಚಿಕ್ಕಪ್ಪ ಗೋಡೆ ಬಿಟ್ಟು ಎದ್ದು ಕೂತರು. "ಮಹಾರಾಜರ ಜೈಲಲ್ಲಿ ಹುಳಾನಾ?"

"ನಾನು ತಿಂದಿದೀನಿ ಕಣ್ರೀ ಮಾವ!"

"ತಿಂದು ದಪ್ಪ ಆಗಿ ಬಂದೆಯಲ್ಲೋ! ಹೋದಾಗ ಹೆಂಗಿದ್ದೆ, ಬಂದಾಗ ಹೆಂಗಿದ್ದೆ, ನಾನು ನೋಡಿಲ್ವಾ?"

"ಅದು ದಪ್ಪ ಅಲ್ಲ, ಊತ!"

ನಾನು ಕಣ್ಣಲ್ಲಿ ಹೆದರಿಸಿದೆ, ಕೆಮ್ಮಿದೆ, ಕೊನೆಗೆ ಭಾವನ ಜುಬ್ಬ ಹಿಡಿದು ಎಳೆದೆ. ಪ್ರಯೋಜನವಾಗಲಿಲ್ಲ. ನಮ್ಮ ರಾಜ್ಯದ ಜೈಲು ನರಕ ಅಂತ ಸಾಧಿಸಲು ಒಬ್ಬರು, ಸ್ವರ್ಗ ಅಂತ ಸಾಧಿಸಲು ಒಬ್ಬರು, ಇಬ್ಬರೂ ಹೆಣ್ಣಿನ ಕಡೆಯವರೇ. ಪುರೋಹಿತರು ಪಂಚಾಂಗದ ಹಾಳೆಯ ಮಧ್ಯೆ ಬೆರಳಿಟ್ಟುಕೊಂಡು, ಬಿಡಿಸಲೋ ಮುಚ್ಚಲೋ ಅಂತ ನನ್ನನ್ನು ನೋಡಿದರು. ವಕೀಲರು ಮಾತು ನಿಲ್ಲಿಸಿ ಸುಮ್ಮನೆ ಕೇಳುತ್ತಿದ್ದರು. ಜಗಳದ ಮನೆಯಿಂದ ಹೆಣ್ಣು ತರಬೇಡಿ ಅಂತ ಯಾರು ಬೇಕಾದರೂ ಹೇಳುತ್ತಾರೆ.

ಕಡೆಗೆ ಅವರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಹೋಗಿದ್ದಿರಾ?"

"ಇಲ್ಲ. ನಾನು ಸರ್ಕಾರಿ ನೌಕರ."

"ಒಂದು ಸಲವೂ?"

"ಇಲ್ಲ."

ಹುಡುಗಿಗೆ ಅಡುಗೆ ಬರುತ್ತಾ ಅಂತ ಕೇಳಿದಾಗ ಬರಲ್ಲ ಅಂದರೆ ಜನ ಹೇಗೆ ನೋಡುತ್ತಾರೋ ಹಾಗೆ ನೋಡಿದರು. ಅಲ್ಲಿಗೆ ಸಂಬಂಧ ಮುರಿಯಿತು ಅಂದುಕೊಂಡೆ. ಅವರು ನಿಟ್ಟುಸಿರುಬಿಟ್ಟು, ಪುರೋಹಿತರಿಗೆ ಮುಂದುವರಿಸಿ ಅಂತ ಕೈಸನ್ನೆ ಮಾಡಿ, ನನ್ನ ಬೆನ್ನು ತಟ್ಟಿದರು.

"ಪರವಾಗಿಲ್ಲ ಬಿಡಿ. ನಿಮಗಿನ್ನೂ ವಯಸ್ಸಿದೆ."

ಅಧಿಕ ಮಾಸ

ಪುರೋಹಿತರು ಲೆಕ್ಕ ಹಾಕಿ ತಲೆಯಾಡಿಸಿದರು. ಮುಂದೆ ಆಷಾಢ, ಆಗದು. ಆಮೇಲೆ ಶ್ರಾವಣ, ಆದರೆ ಆ ವರ್ಷ ಅದು ಅಧಿಕ ಮಾಸ, ಅದೂ ಆಗದು. ನಿಜ ಶ್ರಾವಣದವರೆಗೂ ಕಾಯಬೇಕು. ಮನೆಗೆ ಬಂದು ಹೇಳಿದಾಗ ಅಮ್ಮ, "ಆಗಲಿ ಬಿಡೋ, ಎರಡು ತಿಂಗಳಲ್ಲಿ ಏನು ಮಹಾ ಆಗಿಬಿಡುತ್ತೆ?" ಅಂದರು.

ಆ ಎರಡು ತಿಂಗಳಲ್ಲಿ ಇಂಗ್ಲಿಷರು ದೇಶ ಬಿಟ್ಟು ಹೋದರು.

ಗೇಟಿನ ಆಚೆಯವರು ಸ್ವತಂತ್ರರಾದರು. ಈಚೆ ನಮ್ಮದು ಬೇರೆ ಕಥೆ. ಮಹಾರಾಜರು ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು, ಆದರೆ ಜನರ ಕೈಗೆ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಚಳವಳಿ ಎದ್ದಿತು. ಶಾಲೆ ಮುಚ್ಚಿತು. ಭಾವ ತೋಟ ಬಿಟ್ಟು ಬೀದಿಗಿಳಿದು, ಸ್ವಲ್ಪ ದಿನದಲ್ಲೇ ಮತ್ತೆ 'ಹೋದರು'. ಈ ಸಲದ ಮುದ್ದೆಯಲ್ಲಿ ಕಲ್ಲಿತ್ತೋ ಇಲ್ಲವೋ, ಕೇಳಲು ಅಕ್ಕನಿಗೆ ಭೇಟಿ ಕೊಡಲಿಲ್ಲ.

ಇಂಥ ದಿನಗಳಲ್ಲಿ ಲಗ್ನಪತ್ರಿಕೆ ಹಿಡಿದು ನಾನೊಬ್ಬನೇ ಪಲಮನೇರಿಗೆ ಹೋದೆ. ವಕೀಲರ ಮನೆಯ ಮೇಲೆ ಧ್ವಜ ಹಾರುತ್ತಿತ್ತು. ಅವರು ಕುರ್ಚಿ ಎಳೆದು ಕೂರಿಸಿ, ಕಾಫಿ ಕೊಡಿಸಿ, ಬಹಳ ನಾಜೂಕಾಗಿ ಶುರುಮಾಡಿದರು.

"ಮೇಷ್ಟ್ರೇ, ತಾಂಬೂಲ ಬದಲಾಯಿಸಿದಾಗ ನಾವಿಬ್ಬರೂ ಸಮಾನರು. ಇಬ್ಬರೂ ಗುಲಾಮರು."

"ಸರಿ."

"ಈಗ ನಾವು ಸ್ವತಂತ್ರರು. ನೀವು..." ಮರ್ಯಾದೆಯಿಂದ ಅಲ್ಲಿಗೇ ನಿಲ್ಲಿಸಿದರು. "ನನಗೇನಿಲ್ಲ. ನೆಂಟರು ಮಾತಾಡ್ತಾರೆ. ಸ್ವತಂತ್ರ ದೇಶದ ಹುಡುಗ, ರಾಜರ ಪ್ರಜೆಯ ಮನೆ ಮುಂದೆ ಹೋಗಿ ನಿಂತು ತಾಳಿ ಕಟ್ಟೋದಾ ಅಂತ. ಮದುವೆ ಇಲ್ಲೇ ಮಾಡೋಣ. ಸ್ವತಂತ್ರ ನೆಲದಲ್ಲಿ. ಹುಡುಗೀನ ಕರ್ಕೊಂಡು ಬನ್ನಿ."

ಹೆಣ್ಣಿನ ಮನೆಯಲ್ಲಿ ಚಪ್ಪರ ಏರಿತ್ತು. ಮಹಾರಾಜರ ನೆಲ ಬಿಟ್ಟು ಹೆಣ್ಣು ಧಾರೆ ಎರೆಯುವುದಿಲ್ಲ ಅಂತ ಚಿಕ್ಕಪ್ಪ ಆಗಲೇ ಪಟ್ಟು ಹಿಡಿದಾಗಿತ್ತು, ಯಾರೂ ಕೇಳದಿದ್ದರೂ. ತಂದೆಯ ಸ್ಥಾನದಲ್ಲಿ ಧಾರೆ ಎರೆಯಬೇಕಾದವರು ಅವರೇ. ಇವರು ಈಚೆಗೆ ಬರುವುದಿಲ್ಲ, ಅವರು ಆಚೆಗೆ ಹೋಗುವುದಿಲ್ಲ, ನಡುವೆ ನನ್ನ ತಂಗಿ.

ಆಗ ನಾನು ಬಾಯಿಬಿಟ್ಟೆ. ನಾವು ಪರತಂತ್ರರಲ್ಲ ಅಂತ ಅವರಿಗೆ ಮನಗಾಣಿಸಲೇಬೇಕಿತ್ತು, ಮನಗಾಣಿಸುವುದಾದರೆ ಬುಡದಿಂದ ಮನಗಾಣಿಸಬೇಕು ಅನ್ನುವವನು ನಾನು. ಒಕ್ಕೂಟ ಅಂದರೇನು, ಸೇರ್ಪಡೆ ಅಂದರೇನು, ಸಾರ್ವಭೌಮತ್ವ ಯಾರಿಂದ ಯಾರಿಗೆ ಹೋಯಿತು, ಪತ್ರದಲ್ಲಿ ಇರುವುದೇನು, ಇಲ್ಲದಿರುವುದೇನು. ಕಾಫಿಯ ಲೋಟ ತಣ್ಣಗಾಯಿತು. ವಕೀಲರು ಎರಡು ಸಲ ಗಡಿಯಾರ ನೋಡಿದರು. ಕಂಬಕ್ಕೆ ಒರಗಿದ್ದ ಅಜ್ಜಿ ನಿದ್ದೆಗೆ ಜಾರಿ, ಎದ್ದು, ಮತ್ತೆ ಜಾರಿ, ನಾನು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳಿಗೆ ಬರುವ ಹೊತ್ತಿಗೆ ಪೂರ್ತಿ ಎಚ್ಚರಾದರು.

"ಸಂಪರ್ಕ ಅಂದ್ರೆ ಏನಬ್ಬಾಯಿ?"

"ರೈಲು, ಅಂಚೆ, ತಂತಿ, ಅಜ್ಜಿ."

"ಅಂದ್ರೆ ನಿಮಗೆ ಕಾಗದ ಬರುತ್ತೆ, ಸ್ವಾತಂತ್ರ್ಯ ಬರಲ್ಲ."

"ಬಂದಿದೆ ಅಜ್ಜಿ. ಆದರೆ..."

"ಎಲ್ಲೀತನಕ ಬಂದಿದೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಂಗಲಿತನಕ," ಅಂದೆ.

"ಅದಕ್ಕೂ ಗೇಟು ಹಾಕಿದ್ರಾ?"

ವಕೀಲರು ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ. ಮಗನ ಕಡೆ ತಿರುಗಿ, "ಮದುವೆ ಮುಳಬಾಗಿಲಲ್ಲೇ ಆಗಲಿ ಕಣೋ. ನಾನು ಆ ಹಸೂನ ಇನ್ನೊಂದು ಸಲ ನೋಡಬೇಕು," ಅಂದರು. ಆ ಮನೆಯಲ್ಲಿ ಅಜ್ಜಿಯ ಮಾತಿಗೆ ಮೇಲ್ಮನವಿ ಇರಲಿಲ್ಲ. ವಕೀಲರು ಒಪ್ಪಿದರು, ಒಂದು ಷರತ್ತಿನ ಮೇಲೆ. "ಖಾದಿ ಹಾಕ್ಕೊಂಡೇ ಬರ್ತೀವಿ, ಟೋಪಿ ಇಟ್ಕೊಂಡೇ ಬರ್ತೀವಿ. ಟೋಪಿ ತೆಗಿ ಅಂತ ನಿಮ್ಮ ಸೀಮೇಲಿ ಒಬ್ಬ ಅಂದ್ರೂ, ಅಲ್ಲಿಂದಲೇ ವಾಪಸು."

ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. "ಮಾತಾಡಿಬಿಟ್ರಾ ಅಣ್ಣಯ್ಯ?"

"ಏನು?"

"ರಾಜಕೀಯ."

"ಯಾರು ಹೇಳಿದ್ದು ನಿನಗೆ?"

"ಮಧ್ಯಾಹ್ನದ ಬಸ್ಸಿಗೆ ಬರ್ತೀನಿ ಅಂದೋರು ಸಾಯಂಕಾಲದ ಬಸ್ಸಿಗೆ ಬಂದಿದೀರಿ." ನಕ್ಕಳು. ಆಮೇಲೆ ನಗು ಹೋಯಿತು. "ಅಣ್ಣಯ್ಯ, ಮದುವೆ ಆಗುತ್ತಲ್ವಾ?"

ಹತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಅವಳ ಪ್ರಶ್ನೆಗೆ ಕೈಕಾಲು ತೊಳೆಯುವ ನೆಪ ಮಾಡಿ ಬಚ್ಚಲಿಗೆ ಹೋದೆ.

ಗೇಟಿನ ಕಲ್ಲು

ಗಂಡಿನ ಕಡೆಯವರನ್ನು ಊರ ಬಾಗಿಲಲ್ಲಿ ಎದುರುಗೊಂಡು ಪಾನಕ ಕೊಟ್ಟು ಕರೆತರುವುದು ಪದ್ಧತಿ. ಕಾಲ ಚೆನ್ನಾಗಿಲ್ಲದ್ದರಿಂದ ನಾನು ಗೇಟಿನ ಹತ್ತಿರವೇ ಎದುರುಗೊಳ್ಳುವುದು ಅಂತ ತೀರ್ಮಾನಿಸಿದೆ. ಬೆಳಿಗ್ಗೆಯೇ ಬಾಡಿಗೆ ಕಾರಿನಲ್ಲಿ ನಾನು, ಚಿಕ್ಕಪ್ಪ, ತೊಡೆಯ ಮೇಲೆ ಪಾನಕದ ಕೊಡ. ಚಿಕ್ಕಪ್ಪ ಜರಿ ಪೇಟ ಸುತ್ತಿದ್ದರು. ಮುಹೂರ್ತ ಮಧ್ಯಾಹ್ನಕ್ಕೆ ಮುಂಚೆ.

ಗಂಡಿನವರ ಬಸ್ಸು ಗೇಟಿನ ಆಚೆ ನಿಂತಿತ್ತು. ಹಿಂದೆ ನಂಗಲಿ ಸಂತೆಗೆ ಬರುವ ಗಾಡಿಗಳು ಸಾಲುಗಟ್ಟಿದ್ದವು. ಗೇಟಿನ ಮುಂದೆ ಒಬ್ಬ ದಫೇದಾರ, ಇಬ್ಬರು ಪೇದೆಗಳು. ದಫೇದಾರ ಕೆಟ್ಟವನಲ್ಲ, ನಿದ್ದೆಗೆಟ್ಟವನು. ಚಳವಳಿಯವರು ಹೊರಗಿನಿಂದ ಗಡಿ ದಾಟಿ ಬರುತ್ತಾರೆಂದು ಅವನಿಗೆ ಮೇಲಿನಿಂದ ಹುಕುಂ ಬಂದಿತ್ತು. ಬಸ್ಸಿನ ತುಂಬ ಖಾದಿ, ಕಿಟಕಿ ಕಿಟಕಿಗೂ ಬಿಳಿ ಟೋಪಿ.

"ಮದುವೆ ದಿಬ್ಬಣ," ಅಂದೆ ನಾನು.

"ಎಲ್ಲರೂ ಹಾಗೇ ಅಂತಾರೆ ಮೇಷ್ಟ್ರೇ. ಟೋಪಿ ಇರಲಿ, ಅದು ಅವರ ತಲೆ. ಒಬ್ಬೊಬ್ಬರೂ ಮಾತು ಕೊಡಬೇಕು. ಈ ಗೇಟು ದಾಟಿದ ಮೇಲೆ ರಾಜಕೀಯ ಮಾತಾಡಲ್ಲ ಅಂತ. ಕೊಟ್ಟೋರು ಬರಬಹುದು."

ನನ್ನ ನಿಯಮ! ದಿಕ್ಕು ಮಾತ್ರ ತಿರುಗಿತ್ತು. ಬೇರೆಯವರ ಬಾಯಲ್ಲಿ ಅದು ಹೇಗೆ ಕೇಳಿಸುತ್ತದೆ ಅಂತ ಅದುವರೆಗೆ ನನಗೆ ಗೊತ್ತಿರಲಿಲ್ಲ.

ವಕೀಲರು ಬಸ್ಸಿನ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತರು. "ಇಂಗ್ಲಿಷರಿಗೇ ಮಾತು ಕೊಡಲಿಲ್ಲ. ನಿನಗೆ ಕೊಡ್ತೀನಾ? ಡ್ರೈವರ್, ಬಸ್ಸು ತಿರುಗಿಸು."

"ನಾಯನಾ," ಅಂತ ಒಳಗಿನಿಂದ ಅಪ್ಪನನ್ನು ಕರೆಯಿತು ಒಂದು ದನಿ. ಹುಡುಗ, ಪೇಟ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಮತ್ತೇನೂ ಹೇಳಲಿಲ್ಲ. ಆ ಒಂದು ಮಾತಿಗೆ ವಕೀಲರ ಕಟ್ಟಿದ ಕೈ ಬಿಚ್ಚಿತು. ಮಗನ ಮುಖ ನೋಡಿದರು, ಬಿಸಿಲು ನೋಡಿದರು, ಹಲ್ಲು ಕಚ್ಚಿ, "ಮಾತಾಡಲ್ಲ," ಅಂದರು.

ಉಳಿದವರು ಒಬ್ಬೊಬ್ಬರಾಗಿ ಇಳಿದು ಬಂದರು. ಹುಡುಗನ ಸೋದರಮಾವ, "ಮಾತಾಡಲ್ಲ, ಆದರೆ ಇದು ದಬ್ಬಾಳಿಕೆ," ಅಂದರು.

"ಇದೇ ರಾಜಕೀಯ," ಅಂದ ದಫೇದಾರ. "ಮೊದಲಿಂದ ಹೇಳಿ."

"ಮಾತಾಡಲ್ಲ. ಮಾತಾಡಿದರೆ ಬೇಕಾದಷ್ಟಿದೆ."

"ಮೊದಲಿಂದ."

ಈಚೆಯಿಂದ ಚಿಕ್ಕಪ್ಪ ಪೇಟ ಕುಣಿಸುತ್ತ ಕೂಗಿದರು, "ನೋಡಿ, ನೋಡಿ, ನಮ್ಮ ಮಹಾರಾಜರ ಆಳ್ವಿಕೇಲಿ ಶಿಸ್ತು ಅಂದ್ರೆ ಇದು!"

"ಸ್ವಾಮಿ, ನೀವೂ ಮಾತಾಡಬೇಡಿ," ಅಂದ ದಫೇದಾರ.

ಹೀಗೆ ಬಸ್ಸು ಖಾಲಿಯಾಗಿ ಮತ್ತೆ ತುಂಬುವ ಹೊತ್ತಿಗೆ ನೆರಳು ಗಿಡ್ಡವಾಗುತ್ತ ಬಂದಿತ್ತು. ಮುಳಬಾಗಿಲಿನಲ್ಲಿ ತಂಗಿ ಹಸೆಯ ಮೇಲೆ ಕೂತು ದಾರಿ ಕಾಯುತ್ತಿದ್ದಳು. ಪೇದೆ ಗೇಟಿನ ಸರಪಳಿ ಬಿಚ್ಚಿ ಮರಕ್ಕೆ ಕೈಹಾಕಿದ.

"ಇನ್ನೊಬ್ಬರಿದಾರೆ," ಅಂದ ದಫೇದಾರ.

ಅಜ್ಜಿ ಕುಟ್ಟಾಣಿಯ ಚೀಲ ಹಿಡಿದು ಇಳಿದರು. "ಏನಂತೆ?"

"ರಾಜಕೀಯ ಮಾತಾಡಲ್ಲ ಅಂತ ಹೇಳಬೇಕು ತಾಯಿ."

"ರಾಜಕೀಯ ಅಂದ್ರೆ?"

ದಫೇದಾರ ಯೋಚಿಸಿದ. "ಮಹಾರಾಜರ ವಿಷಯ."

"ರಾಜರು ಚೆನ್ನಾಗಿದಾರಾ ಅಂತ ಕೇಳಬಾರದಾ?"

"ಅದು... ಕೇಳಬಹುದು."

"ಚೆನ್ನಾಗಿಲ್ಲ ಅಂದ್ರೆ, ಅಯ್ಯೋ ಪಾಪ ಅನ್ನಬಹುದಾ?"

ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಮನೆಮನೆಗೂ ದೀಪ ಇದೆ ಅಂದ್ರು ಈಯಪ್ಪ. ಹೋಗಿ ನೋಡಿದ್ರೆ ಕೊಕ್ಕೆ ಇತ್ತು. ಅದನ್ನ ಹೇಳಬಹುದಾ?"

ಚಿಕ್ಕಪ್ಪ ಹುಣಿಸೆ ಮರದ ಕಡೆ ತಿರುಗಿ ನಿಂತರು.

"ಅಮ್ಮಾ," ವಕೀಲರು ಕಿಟಕಿಯಿಂದ ಕೈಮುಗಿದರು, "ಒಂದು ಮಾತು ಹೇಳಿಬಿಡು. ಹೊತ್ತು ಮೀರುತ್ತೆ." ಎರಡು ಸಲ ಜೈಲಿಗೆ ಹೋಗಿಬಂದ ಮಗ, ಜೈಲಿನ ಬಾಗಿಲೂ ನೋಡದ ತಾಯಿಗೆ ರಾಜಿಯಾಗು ಅಂತ ಬೇಡುತ್ತಿದ್ದ.

"ನೀನು ಕೊಟ್ಟೆಯಲ್ಲ. ಮನೆಗೆ ಒಬ್ಬರು ಸಾಕು."

ನಾನು ಗೇಟಿನ ಪಕ್ಕದಿಂದ ನುಸುಳಿ ಹೋಗಿ ಅವರ ಮುಂದೆ ನಿಂತೆ. "ಅಜ್ಜಿ, ಬರೀ ಒಂದು ದಿನದ ಮಾತು. ಇಂಥದೇ ನಿಯಮ ನಮ್ಮ ಮನೇಲಿ ನಾನೂ ಮಾಡಿದೀನಿ."

"ಯಾರಾದ್ರೂ ಪಾಲಿಸಿದ್ರಾ?"

ನಾನು ಚಿಕ್ಕಪ್ಪನ ಬೆನ್ನು ನೋಡಿದೆ.

"ನೀನು? ರೈಲು, ಅಂಚೆ, ತಂತಿ. ನನಗಿನ್ನೂ ನೆನಪಿದೆ." ಅವರು ದಫೇದಾರನ ಕಡೆ ತಿರುಗಿದರು. ದನಿಯಲ್ಲಿ ಕೋಪವೇ ಇರಲಿಲ್ಲ. "ಮಾತಾಡಬೇಡ ಅಂತ ನನಗೆ ನನ್ನ ಗಂಡ ಹೇಳಲಿಲ್ಲ. ಇಂಗ್ಲಿಷೋರು ಹೇಳಲಿಲ್ಲ. ನೀನು ಹೇಳಬೇಡಪ್ಪ. ನಾನು ಮಾತು ಕೊಡಲ್ಲ."

"ಹಾಗಾದ್ರೆ ನೀವು ದಾಟೋ ಹಾಗಿಲ್ಲ."

"ದಾಟಲ್ಲ."

"ಅಮ್ಮ ಬಾರದೆ ಬಸ್ಸು ಹೋಗಲ್ಲ," ಅಂತ ಒಳಗಿನಿಂದ ವಕೀಲರು. "ಅವರನ್ನ ಕೂರಿಸಿಕೊಂಡು ಬಸ್ಸು ಬರೋ ಹಾಗಿಲ್ಲ," ಅಂತ ದಫೇದಾರ. ಗಾಡಿಯವರು ಹಿಂದಿನಿಂದ ಬೈಯತೊಡಗಿದರು. ಹುಡುಗ ಎದ್ದು ನಿಂತಿದ್ದ. ನನ್ನ ಕೈಗಡಿಯಾರ ನಾನು ನೋಡಿಕೊಳ್ಳಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

"ನಿಂತು ನಿಂತು ಕಾಲು ನೋಯ್ತಿದೆ," ಅಂದರು ಅಜ್ಜಿ. ಸುತ್ತ ನೋಡಿದರು. ಗೇಟಿನ ಕಲ್ಲು ಸೊಂಟದ ಎತ್ತರದಲ್ಲಿ ತೂಗುತ್ತಿತ್ತು. ಏತ ನೋಡಿ ಬೆಳೆದವರಿಗೆ ಅದರ ಗುಣ ಹೇಳಿಕೊಡಬೇಕಾಗಿಲ್ಲ. ಸೆರಗು ಸಿಕ್ಕಿಸಿಕೊಂಡು, ಬೆನ್ನು ತಿರುಗಿಸಿ, ಕಲ್ಲಿನ ಮೇಲೆ ಕೂತರು. ಕಲ್ಲು ಅವರನ್ನು ಹೊತ್ತುಕೊಂಡು ಮೆಲ್ಲಗೆ ನೆಲಕ್ಕಿಳಿಯಿತು. ಪೇದೆಯ ಕೈಯಿಂದ ಜಾರಿ, ಮರ ಆಕಾಶಕ್ಕೆ ಎದ್ದು ನಿಂತಿತು.

ಡ್ರೈವರು ಮರದ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ.

"ಏನು ನೋಡ್ತೀಯ? ನಡಿ. ಮುಹೂರ್ತ ಮೀರುತ್ತೆ."

ಬಸ್ಸು ಹೊರಟಿತು. ಮಾತು ಕೊಟ್ಟವರೆಲ್ಲ ದಾಟಿದರು. ಮದುಮಗ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದ್ದ. "ಅಮ್ಮಾ!" ಅನ್ನುವ ವಕೀಲರ ಕೂಗು ಧೂಳಿನೊಳಗೆ ಮುಳಬಾಗಿಲಿನ ಕಡೆ ಓಡಿತು. ಬಸ್ಸಿನ ಹಿಂದೆ ಸಂತೆಯ ಮೊದಲ ಗಾಡಿ, ಅದರ ಹಿಂದೆ ಎರಡನೆಯದು, ಆಮೇಲೆ ಕುರಿಗಳು.

"ಏಳಮ್ಮಾ!" ದಫೇದಾರ ಓಡಿಬಂದ.

"ಕೂತ್ಕೊಳ್ಳೋದೂ ರಾಜಕೀಯಾನಾ?"

ಅವನ ಹುಕುಮಿನಲ್ಲಿ ಕೂರುವುದರ ಬಗ್ಗೆ ಏನೂ ಇರಲಿಲ್ಲ. ಮುದುಕಿಯನ್ನು ಮುಟ್ಟಲಾರ, ಮರವನ್ನು ಇಳಿಸಲಾರ. ಗಾಡಿಯವರು ಒಬ್ಬೊಬ್ಬರೂ ದಾಟುವಾಗ ಅಜ್ಜಿಗೆ ಕೈಮುಗಿದು ಹೋಗುತ್ತಿದ್ದರು. ಚಿಕ್ಕಪ್ಪ, ನಮ್ಮ ಚಿಕ್ಕಪ್ಪ, ಕೊಡದಿಂದ ಒಂದು ಲೋಟ ಪಾನಕ ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು, ಮಹಾರಾಜರ ನೆಲ ಬಿಟ್ಟು ಆಚೆಗೆ ನಡೆದು ಹೋಗಿ ಅಜ್ಜಿಯ ಮುಂದೆ ಬಗ್ಗಿ ಕೊಟ್ಟರು.

"ತಾಯಿ, ಸೋತೆ," ಅಂದ ದಫೇದಾರ ಕಡೆಗೆ. "ಮಾತೂ ಬೇಡ, ಏನೂ ಬೇಡ. ಎದ್ದು ಕಾರು ಹತ್ತಿ, ಮದುವೆಗೆ ಹೋಗಿ."

ಅಜ್ಜಿ ಪಾನಕ ಕುಡಿದು ಲೋಟ ಕೊಟ್ಟರು. ಚೀಲದಿಂದ ಕುಟ್ಟಾಣಿ ತೆಗೆದರು, ಎಲೆಗೆ ಸುಣ್ಣ ಸವರಿದರು, ಅಡಿಕೆ ಹಾಕಿದರು. ಸಂತೆಯ ಕೊನೆಯ ಗಾಡಿ ಇನ್ನೂ ದೂರದಲ್ಲಿತ್ತು. ಅದು ಬರುವವರೆಗೂ ಕಲ್ಲಿನ ಮೇಲೆ ಕೂತು ಕುಟ್ಟುತ್ತಲೇ ಇದ್ದರು.